ಬೇಟೆ ರೈಫಲ್ ಗುರಿ ತಪ್ಪುತ್ತಿದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಚೆನ್ನಾಗಿ ಹೊಡೆಯುತ್ತಿದ್ದ ರೈಫಲ್ ಇದ್ದಕ್ಕಿದ್ದಂತೆ ಗುಂಡುಗಳನ್ನು ಎಲ್ಲೆಲ್ಲೋ ಚೆಲ್ಲತೊಡಗಿದರೆ ಮೊದಲು ಬೈಸಿಕೊಳ್ಳುವುದು ಬ್ಯಾರಲ್. ಆದರೆ ತಪ್ಪು ಅದರದ್ದಾಗಿರುವುದು ಅಪರೂಪ. ಸಡಿಲ ಸ್ಕ್ರೂ, ಒಗ್ಗದ ತೋಟಾ, ಹೊಡೆಯುವವರ ಭುಜ: ಹೆಚ್ಚಿನ ಸಲ ಸಿಕ್ಕಿಬೀಳುವವರು ಇವರೇ. ಅದಕ್ಕೇ ಇಲ್ಲಿ ಕಾಸು ಖರ್ಚಾಗದ ಪರೀಕ್ಷೆಗಳು ಮೊದಲು ಬರುತ್ತವೆ, ಬ್ಯಾರಲ್ ಕೊನೆಗೆ. ಯಾವುದನ್ನೇ ಮುಟ್ಟುವ ಮೊದಲು ಮ್ಯಾಗಜೀನ್ ತೆಗೆಯಿರಿ, ಬೋಲ್ಟ್ (ಬ್ಯಾರಲ್‌ನ ಹಿಂಬಾಯಿ ಮುಚ್ಚುವ ಭಾಗ) ಹಿಂದಕ್ಕೆಳೆಯಿರಿ. ಚೇಂಬರ್ (ಬ್ಯಾರಲ್‌ನ ಹಿಂತುದಿಯಲ್ಲಿ ತೋಟಾ ಕೂರುವ ಜಾಗ) ಖಾಲಿ ಇದೆ ಎಂದು ಕಣ್ಣಲ್ಲೂ ನೋಡಿ, ಬೆರಳಲ್ಲೂ ಮುಟ್ಟಿ ಖಾತ್ರಿ ಮಾಡಿಕೊಳ್ಳಿ.

ನನ್ನ ರೈಫಲ್ ಎಷ್ಟು ಚೆನ್ನಾಗಿ ಹೊಡೆಯಬೇಕು? ಯಾವುದನ್ನು ತೊಂದರೆ ಅನ್ನಬೇಕು?

ನಿಖರತೆಯನ್ನು ಎಂಒಎ (ಮಿನಿಟ್ ಆಫ್ ಆ್ಯಂಗಲ್, ಕೋನದ ಒಂದು ಅಳತೆ) ಲೆಕ್ಕದಲ್ಲಿ ಹೇಳುವುದು ರೂಢಿ. 1 ಎಂಒಎ ಅಂದರೆ 100 ಮೀಟರ್ ದೂರದಲ್ಲಿ ಸುಮಾರು 2.9 ಸೆಂ.ಮೀ. 200 ಮೀಟರ್‌ಗೆ ಅದರ ಎರಡರಷ್ಟು. ಒಂದೇ ಗುರಿಗೆ ಹೊಡೆದ ಗುಂಡುಗಳ ತೂತುಗಳಿಗೆ ಗುಂಪು ಎನ್ನುತ್ತಾರೆ; ಆ ಗುಂಪಿನಲ್ಲಿ ಒಂದಕ್ಕೊಂದು ಅತಿ ದೂರ ಇರುವ ಎರಡು ತೂತುಗಳನ್ನು ಆರಿಸಿಕೊಂಡು, ನಡುವಿನಿಂದ ನಡುವಿಗೆ ಅಳೆಯಬೇಕು.

ಕಾರ್ಖಾನೆಯಿಂದ ಬಂದ ಮಾಮೂಲಿ ಬೇಟೆ ರೈಫಲ್, ತನಗೆ ಒಗ್ಗುವ ತೋಟಾ ಸಿಕ್ಕಾಗ, 100 ಮೀಟರ್‌ನಲ್ಲಿ 3ರಿಂದ 4.5 ಸೆಂ.ಮೀ. ಒಳಗೆ ಹೊಡೆದರೆ ಚೆನ್ನಾಗಿದೆ ಅಂತಲೇ ಅರ್ಥ. 6 ಸೆಂ.ಮೀ. ಆದರೂ ಕೆಲಸಕ್ಕೆ ಬರುತ್ತದೆ. ಜಿಂಕೆ ಗಾತ್ರದ ಪ್ರಾಣಿಯ ಎದೆಯ ಮರ್ಮಭಾಗ ಸುಮಾರು 20 ಸೆಂ.ಮೀ. ಅಗಲ ಇರುತ್ತದೆ. 100 ಮೀಟರ್‌ನಲ್ಲಿ 6 ಸೆಂ.ಮೀ. ಹರಡುವ ರೈಫಲ್ 200 ಮೀಟರ್‌ನಲ್ಲಿ 12 ಸೆಂ.ಮೀ. ಆಸುಪಾಸು ಹರಡುತ್ತದೆ. ಹಾಗಾಗಿ 3.5 ಇದ್ದದ್ದನ್ನು 2.5 ಮಾಡಲು ತಲೆ ಕೆಡಿಸಿಕೊಳ್ಳುವುದು ಹವ್ಯಾಸ, ರಿಪೇರಿ ಅಲ್ಲ. 10 ಸೆಂ.ಮೀ. ಹರಡಿದರೆ, ಅಥವಾ ಮೊದಲು 4 ಇದ್ದದ್ದು ಈಗ 8 ಆಗಿದ್ದರೆ, ಆಗ ತೊಂದರೆ ಇದೆ.

ಮೂರು ಗುಂಡು ಹೊಡೆದು ನೋಡಿದರೆ ಸಾಲದಾ?

ಸಾಲದು. ಜನ ಜಾಸ್ತಿ ಮೋಸ ಹೋಗುವುದು ಇಲ್ಲೇ. ಏನೂ ಬದಲಾಯಿಸದೆ ಒಂದೇ ರೈಫಲ್‌ನಿಂದ ಮೂರು ಮೂರು ಗುಂಡು ಹೊಡೆಯುತ್ತಾ ಹೋಗಿ. ಒಂದು ಗುಂಪು 2 ಸೆಂ.ಮೀ. ಬರಬಹುದು, ಮುಂದಿನದು 5. ಎರಡೂ ಅದೇ ರೈಫಲ್‌ನ ನಿಜವಾದ ಮುಖಗಳೇ. ಮೊದಲನೆಯದರ ಫೋಟೋ ತೆಗೆದು ಗೆಳೆಯರಿಗೆ ಕಳಿಸುತ್ತೇವೆ, ಎರಡನೆಯದನ್ನು ಮಡಚಿ ಎಸೆಯುತ್ತೇವೆ. ಅಷ್ಟೇ ವ್ಯತ್ಯಾಸ.

ಗುಂಡುಗಳ ಸಂಖ್ಯೆ ಹೆಚ್ಚಿದಂತೆ ಗುಂಪು ದೊಡ್ಡದಾಗುವುದು ಲೆಕ್ಕದ ನಿಯಮ. ಸರಾಸರಿಯಲ್ಲಿ ಐದು ಗುಂಡಿನ ಗುಂಪು ಮೂರರ ಗುಂಪಿಗಿಂತ ಕಾಲುಪಾಲಿನಷ್ಟು ದೊಡ್ಡದು. ಹತ್ತು ಗುಂಡಿನದು ಮೂರರದ್ದಕ್ಕಿಂತ ಸುಮಾರು 1.6 ಪಟ್ಟು. ತೊಂದರೆ ಹುಡುಕುವಾಗ ಕನಿಷ್ಠ ಐದೈದು ಗುಂಡಿನ ಎರಡು ಮೂರು ಗುಂಪು ಹೊಡೆದು ಸರಾಸರಿ ನೋಡಿ. ಇನ್ನೊಂದು ಮಾತು. ದೂರ ಬಿದ್ದ ಗುಂಡನ್ನು 'ಅದು ನನ್ನ ಕೈ ಅಲುಗಿದ್ದು, ಲೆಕ್ಕಕ್ಕಿಲ್ಲ' ಎಂದು ಬಿಡಬೇಡಿ. ಕೈ ಅಲುಗಿತು ಎಂದು ರಂಧ್ರ ನೋಡುವ ಮೊದಲೇ ಹೇಳಿದ್ದರೆ ಸರಿ. ನೋಡಿದ ಮೇಲೆ ಹೇಳಿದರೆ ಅದು ನೆಪ.

ಗುಂಪು ಬಿಗಿಯಾಗಿದೆ, ಆದರೆ ನಡುವಿನಿಂದ ಪಕ್ಕಕ್ಕೆ ಬೀಳುತ್ತಿದೆ. ಏನು ಮಾಡಲಿ?

ಸಂತೋಷಪಡಿ. ಸ್ಕೋಪ್ (ಗುರಿ ನೋಡುವ ದುರ್ಬೀನು) ಹೊಂದಿಸಿದರೆ ಕೆಲಸ ಮುಗಿಯಿತು. ಸ್ಕೋಪ್ ಗುಬುಟಿನ ಕಾಲು ಎಂಒಎ ಕ್ಲಿಕ್ ಒಂದು 100 ಮೀಟರ್‌ನಲ್ಲಿ ಸುಮಾರು 7 ಮಿ.ಮೀ. ಸರಿಸುತ್ತದೆ, 0.1 ಮಿಲ್ (ಕೋನದ ಇನ್ನೊಂದು ಅಳತೆ) ಕ್ಲಿಕ್ ಒಂದು ಸೆಂಟಿಮೀಟರ್. ಒಂದೊಂದು ಗುಂಡಿಗೂ ಗುಬುಟು ತಿರುಗಿಸುತ್ತಾ ಕೂರಬೇಡಿ. ಗುಂಪಿನ ನಡುಬಿಂದು ಎಲ್ಲಿದೆ ನೋಡಿ, ಅದರ ಲೆಕ್ಕಕ್ಕೆ ಒಂದೇ ಸಲ ಸರಿಸಿ.

ನಿಜವಾಗಿಯೂ ಹರಡುತ್ತಿದೆ. ಎಲ್ಲಿಂದ ಶುರು ಮಾಡಲಿ?

ಸ್ಕ್ರೂಗಳಿಂದ. ಬೇಸರದ ಉತ್ತರ ಅನ್ನಿಸಬಹುದು, ಆದರೆ ಇಷ್ಟು ಸುಲಭವಾಗಿ ಗುಣವಾಗುವ ಕಾಯಿಲೆ ರೈಫಲ್‌ಗೆ ಮತ್ತೊಂದಿಲ್ಲ.

ಸ್ಕ್ರೂಗಳು ಮೂರು ಕಡೆ ಇರುತ್ತವೆ: ರಿಸೀವರ್‌ಗೆ (ಬೋಲ್ಟ್ ಓಡಾಡುವ ಲೋಹದ ಮೈ) ಬೇಸ್ (ಸ್ಕೋಪ್ ರಿಂಗ್‌ಗಳು ಕೂರುವ ಪಟ್ಟಿ) ಹಿಡಿದಿರುವವು, ಸ್ಕೋಪ್ ಸುತ್ತಿದ ರಿಂಗ್‌ನವು, ಸ್ಟಾಕ್‌ಗೆ (ಭುಜಕ್ಕೊತ್ತಿ ಹಿಡಿಯುವ ಮರದ ಅಥವಾ ಪ್ಲಾಸ್ಟಿಕ್ ಭಾಗ) ಆಕ್ಷನ್ (ರಿಸೀವರ್, ಬೋಲ್ಟ್ ಸೇರಿದ ಭಾಗ) ಬಿಗಿದಿರುವವು. ಬೇಸ್‌ನವು ಸ್ಕೋಪ್ ಮತ್ತು ರಿಂಗ್‌ಗಳ ಕೆಳಗೆ ಅಡಗಿರುವುದರಿಂದ ಯಾರೂ ನೋಡುವುದೇ ಇಲ್ಲ. ಸ್ಕೋಪ್ ಬಿಚ್ಚಿ, ಬೇಸ್ ಬಿಚ್ಚಿ, ಸ್ಕ್ರೂ ಮತ್ತು ತೂತುಗಳಲ್ಲಿನ ಎಣ್ಣೆಯನ್ನು ಪೂರ್ತಿ ಒರೆಸಿ. ಆಮೇಲೆ ಟಾರ್ಕ್ ರೆಂಚ್‌ನಲ್ಲೇ (ಬಿಗಿತ ಅಳೆಯುವ ಪಾನಾ) ಬಿಗಿಯಿರಿ. ರಿಂಗ್ ಸ್ಕ್ರೂಗಳಿಗೆ ಸಾಮಾನ್ಯವಾಗಿ 1.7ರಿಂದ 2 ನ್ಯೂಟನ್ ಮೀಟರ್ ಸಾಕು. ಅದಕ್ಕಿಂತ ಜಾಸ್ತಿ ಬಿಗಿದರೆ ಸ್ಕೋಪಿನ ಕೊಳವೆ ತಗ್ಗಾಗಿ ಒಳಗಿನ ಭಾಗಗಳೇ ಸಿಕ್ಕಿಕೊಳ್ಳುತ್ತವೆ. ಆಕ್ಷನ್ ಸ್ಕ್ರೂಗಳಿಗೆ ಸ್ಟಾಕ್ ನೋಡಿಕೊಂಡು 4ರಿಂದ 7 ನ್ಯೂಟನ್ ಮೀಟರ್. ಬರಿ ಮರದ ಸ್ಟಾಕ್ ಆದರೆ ಕಡಿಮೆ, ಒಳಗೆ ಅಲ್ಯೂಮಿನಿಯಂ ಆಧಾರ ಇದ್ದರೆ ಜಾಸ್ತಿ. ನಿಮ್ಮ ರೈಫಲ್ ಜೊತೆ ಬಂದ ಪುಸ್ತಕದಲ್ಲಿ ಬೇರೆ ಸಂಖ್ಯೆ ಇದ್ದರೆ ಅದನ್ನೇ ಪಾಲಿಸಿ.

ಒಂದು ಕಳ್ಳ ತೊಂದರೆ ಹೇಳುತ್ತೇನೆ. ಬೇಸ್‌ನ ಮುಂದಿನ ಸ್ಕ್ರೂ ಅರ್ಧ ಸುತ್ತು ಉದ್ದ ಜಾಸ್ತಿ ಇದ್ದರೆ ಅದು ಒಳಗೆ ಬ್ಯಾರಲ್‌ನ ತಿರುಪಿನ ಎಳೆಗಳಿಗೆ ತಾಗಿ ನಿಂತುಬಿಡುತ್ತದೆ. ರೆಂಚ್‌ಗೆ ಬಿಗಿ ಅನ್ನಿಸುತ್ತದೆ, ಆದರೆ ಬೇಸ್ ಸಡಿಲವಾಗಿಯೇ ಇರುತ್ತದೆ. ಉಳಿದ ಸ್ಕ್ರೂ ತೆಗೆದು ಅದೊಂದನ್ನೇ ಬಿಗಿದು, ಬೇಸ್ ಅಲ್ಲಾಡುತ್ತದಾ ನೋಡಿ. ಎಲ್ಲ ಬಿಗಿದ ಮೇಲೆ ಸ್ಕ್ರೂ ತಲೆಯಿಂದ ಬೇಸ್‌ವರೆಗೆ ಉಗುರು ಬಣ್ಣದಲ್ಲಿ ಒಂದು ಸಣ್ಣ ಗೆರೆ ಎಳೆಯಿರಿ. ಗೆರೆ ಮುರಿದಿದ್ದರೆ ಸ್ಕ್ರೂ ತಿರುಗಿದೆ ಎಂದು ದೂರದಿಂದಲೇ ಗೊತ್ತಾಗುತ್ತದೆ.

ತಪ್ಪು ನನ್ನದೋ ರೈಫಲ್‌ನದೋ ತಿಳಿಯುವುದು ಹೇಗೆ?

ಸುಲಭದ ದಾರಿ: ಚೆನ್ನಾಗಿ ಹೊಡೆಯುವವರೊಬ್ಬರ ಕೈಗೆ ಅದೇ ರೈಫಲ್, ಅದೇ ತೋಟಾ ಕೊಡಿ. ಅವರಿಗೂ ಹರಡಿದರೆ ರೈಫಲ್ ಕಡೆ ನೋಡಿ.

ಇನ್ನೊಂದು ಪರೀಕ್ಷೆಗೆ ಸ್ವಲ್ಪ ಧೈರ್ಯ ಬೇಕು, ಮಾನ ಹೋಗುವ ಸಂಭವ ಇದೆ. ರೇಂಜ್‌ನಲ್ಲಿ ನಿಮ್ಮ ಜೊತೆಗಾರರಿಗೆ ತೋಟಾ ತುಂಬಲು ಹೇಳಿ. ಅವರು ನಿಮಗೆ ಕಾಣದ ಹಾಗೆ ಕೆಲವು ಸಲ ನಿಜವಾದ ತೋಟಾ, ಕೆಲವು ಸಲ ಡಮ್ಮಿ ಹಾಕಬೇಕು. ಡಮ್ಮಿ ಇದ್ದಾಗ ಸದ್ದಿಲ್ಲ, ಒದೆತ ಇಲ್ಲ. ಆ ಕ್ಷಣದಲ್ಲಿ ಬ್ಯಾರಲ್ ತುದಿ ಕಲ್ಲಿನಂತೆ ನಿಂತಿದ್ದರೆ ನೀವು ಗೆದ್ದಿರಿ. ತುದಿ ಕೆಳಕ್ಕೆ ಕುಕ್ಕಿ, ಕಣ್ಣು ಮುಚ್ಚಿಕೊಂಡರೆ ಕಾರಣ ಸಿಕ್ಕಿತು. ಒದೆತದ ಭಯ ಎಲ್ಲರಿಗೂ ಬರುತ್ತದೆ, ವರ್ಷಗಟ್ಟಲೆ ಹೊಡೆದವರಿಗೂ. ಮದ್ದೆಂದರೆ ಖಾಲಿ ರೈಫಲ್‌ನಲ್ಲಿ ಟ್ರಿಗರ್ ಅಭ್ಯಾಸ, ಒಳ್ಳೆಯ ರಬ್ಬರ್ ಪ್ಯಾಡ್, ಕಿವಿಗೆ ಎರಡು ಪದರದ ರಕ್ಷಣೆ, ಮತ್ತು ಕೆಲವು ವಾರ ಚಿಕ್ಕ ಕ್ಯಾಲಿಬರ್ (ಗುಂಡಿನ ಅಳತೆ).

ಬೆಂಚ್ ಮೇಲೆ ಕೂರುವ ಕ್ರಮವನ್ನೂ ನೋಡಿ. ಮರಳು ಚೀಲ ಇರಬೇಕಾದ್ದು ಸ್ಟಾಕಿನ ಮುಂಭಾಗದ ಕೆಳಗೆ. ಬ್ಯಾರಲ್ ಕೆಳಗಲ್ಲ. ಸ್ಲಿಂಗ್ (ರೈಫಲ್ ಹೆಗಲಿಗೇರಿಸುವ ಪಟ್ಟಿ) ಸಿಕ್ಕಿಸುವ ಕೊಂಡಿ ಚೀಲಕ್ಕೆ ಬಡಿಯುತ್ತಿದ್ದರೆ ಒದೆತದಲ್ಲಿ ರೈಫಲ್ ಜಿಗಿಯುತ್ತದೆ. ಗಟ್ಟಿ ಮರದ ಮೇಲೋ ಕಲ್ಲಿನ ಮೇಲೋ ನೇರವಾಗಿ ಇಟ್ಟರೂ ಅಷ್ಟೇ, ಗುಂಡು ಸಾಮಾನ್ಯವಾಗಿ ಮೇಲಕ್ಕೆ ಹೋಗುತ್ತದೆ.

ಗುಂಡುಗಳು ಒಂದು ಗೆರೆಯಂತೆ ಬೀಳುತ್ತಿವೆ. ಆ ಗೆರೆ ಏನು ಹೇಳುತ್ತದೆ?

ಸುಳಿವು ಕೊಡುತ್ತದೆ, ತೀರ್ಪು ಕೊಡುವುದಿಲ್ಲ. ಮೇಲೆ ಕೆಳಗೆ ಹರಡಿದರೆ ಉಸಿರಾಟ, ಚೀಲದ ಮೇಲೆ ರೈಫಲ್ ಕೂತ ಜಾಗ ಪ್ರತಿಸಲ ಬದಲಾಗುವುದು, ತೋಟಾದ ವೇಗದಲ್ಲಿ ಏರುಪೇರು, ಅಥವಾ ಸ್ಟಾಕಿನ ತುದಿ ಬ್ಯಾರಲ್‌ಗೆ ತಾಗುವುದು. ಅಡ್ಡಕ್ಕೆ ಹರಡಿದರೆ ಗಾಳಿ, ಟ್ರಿಗರ್ ಎಳೆಯುವ ಬೆರಳು, ಅಥವಾ ರೈಫಲ್ ಒಂದು ಪಕ್ಕಕ್ಕೆ ವಾಲುವುದು. ಗಾಳಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಗಂಟೆಗೆ 16 ಕಿ.ಮೀ. ಅಡ್ಡಗಾಳಿ .308 ವಿಂಚೆಸ್ಟರ್ ಎಂಬ ಬೇಟೆ ತೋಟಾದ ಗುಂಡನ್ನು 100 ಮೀಟರ್‌ನಲ್ಲಿ ಸುಮಾರು 2 ಸೆಂ.ಮೀ. ತಳ್ಳುತ್ತದೆ, 200 ಮೀಟರ್‌ನಲ್ಲಿ 8ರ ಹತ್ತಿರ. ಒಂದೇ ದಿಕ್ಕಿಗೆ, ಒಂದಾದ ಮೇಲೊಂದು, ನಡೆದು ಹೋದಂತೆ ಓರೆಯಾಗಿ ಬಿದ್ದರೆ ಬಿಸಿಯಾದ ಬ್ಯಾರಲ್ ಕಡೆ ಅನುಮಾನ. ಎರಡು ಬೇರೆ ಬೇರೆ ಗುಂಪು ಕಂಡರೆ ಏನೋ ಒಂದು ಸಡಿಲ ಇದೆ, ಅದು ಎರಡು ಜಾಗದ ನಡುವೆ ಓಡಾಡುತ್ತಿದೆ.

ತೋಟಾ ಬದಲಾಯಿಸಿದರೆ ಅಷ್ಟು ವ್ಯತ್ಯಾಸ ಆಗುತ್ತದಾ?

ಆಗುತ್ತದೆ. ಒಂದು ಕಂಪನಿಯ ತೋಟಾದಲ್ಲಿ 8 ಸೆಂ.ಮೀ. ಹರಡುವ ರೈಫಲ್ ಇನ್ನೊಂದರಲ್ಲಿ 3 ಸೆಂ.ಮೀ. ಒಳಗೆ ಬರುವುದು ಹೊಸದೇನಲ್ಲ. ಬೆಲೆ ಜಾಸ್ತಿ ಇದ್ದದ್ದೇ ಒಗ್ಗುತ್ತದೆ ಎಂಬ ನಿಯಮವೂ ಇಲ್ಲ. ಬೇರೆ ಬೇರೆ ತೂಕದ ಮೂರು ನಾಲ್ಕು ಬಗೆ ತಂದು, ಅದೇ ದಿನ, ಅದೇ ಬೆಂಚಿನಲ್ಲಿ ಹೊಡೆದು ನೋಡಿ. ಒಂದು ಬಗೆಯಿಂದ ಇನ್ನೊಂದಕ್ಕೆ ಹೋದಾಗ ಮೊದಲ ಕೆಲವು ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ಬ್ಯಾರಲ್ ಹೊಸದಕ್ಕೆ ಹೊಂದಿಕೊಳ್ಳಲಿ.

ಒಗ್ಗಿದ್ದು ಸಿಕ್ಕಿದ ಮೇಲೆ ಪೆಟ್ಟಿಗೆ ಮೇಲಿನ ಲಾಟ್ ಸಂಖ್ಯೆ ನೋಡಿ, ಒಂದೇ ಲಾಟ್‌ನಲ್ಲಿ ಆದಷ್ಟು ತೆಗೆದಿಡಿ. ಅದೇ ಹೆಸರಿನ ತೋಟಾ ಲಾಟ್ ಬದಲಾದಾಗ ಬೇರೆ ಕಡೆ ಬೀಳಬಹುದು. ಕಳೆದ ವರ್ಷದ ಅರ್ಧ ಪೆಟ್ಟಿಗೆ, ಈ ವರ್ಷದ ಅರ್ಧ ಪೆಟ್ಟಿಗೆ ಬೆರೆಸಿ ಹೊಡೆದು 'ರೈಫಲ್ ಕೆಟ್ಟಿದೆ' ಅನ್ನುವವರಿಗೆ ಕೊರತೆಯೇನಿಲ್ಲ.

ಹಗುರ ಗುಂಡು ಚೆನ್ನಾಗಿ ಬೀಳುತ್ತದೆ, ಭಾರದ್ದು ಚೆಲ್ಲಾಪಿಲ್ಲಿ. ಯಾಕೆ?

ಬ್ಯಾರಲ್ ಒಳಗಿನ ಸುರುಳಿ ಗೆರೆಗಳು ಗುಂಡನ್ನು ಬುಗುರಿಯಂತೆ ತಿರುಗಿಸುತ್ತವೆ. ಉದ್ದದ ಗುಂಡಿಗೆ ಹೆಚ್ಚು ವೇಗದ ತಿರುಗು ಬೇಕು. ಸಾಮಾನ್ಯವಾಗಿ ಭಾರದ ಗುಂಡು ಉದ್ದವೂ ಆಗಿರುತ್ತದೆ. 12 ಇಂಚಿಗೆ ಒಂದು ಸುತ್ತು ಇರುವ .223 ಕ್ಯಾಲಿಬರ್ ಬ್ಯಾರಲ್ 55 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡನ್ನು ಸರಿಯಾಗಿ ಹೊಡೆಯುತ್ತದೆ. 69 ಗ್ರೇನ್ ಹಾಕಿದರೆ ಪರದಾಡುತ್ತದೆ. ಟಾರ್ಗೆಟ್ ಕಾಗದದಲ್ಲಿ ದುಂಡು ತೂತಿನ ಬದಲು ಉದ್ದನೆಯ ತೂತು ಕಂಡರೆ ಗುಂಡು ಅಡ್ಡ ತಿರುಗಿ ಹೋಗಿದೆ ಎಂದರ್ಥ.

ಇದೇ ಕಾರಣಕ್ಕೆ ಒಂದು ಒಳ್ಳೆಯ ಕ್ಯಾಲಿಬರ್ ಮಾರುಕಟ್ಟೆಯಲ್ಲಿ ಸೋತ ಕಥೆಯೂ ಇದೆ. 1955ರಲ್ಲಿ .243 ವಿಂಚೆಸ್ಟರ್ ಮತ್ತು .244 ರೆಮಿಂಗ್ಟನ್ ಎರಡೂ ಬಂದವು. ಮೊದಲನೆಯದಕ್ಕೆ 10 ಇಂಚಿನ ಸುತ್ತು, ಎರಡನೆಯದಕ್ಕೆ 12. ಜಿಂಕೆ ಬೇಟೆಗೆ 100 ಗ್ರೇನ್ ಗುಂಡು ಬೇಕೆಂದವರು ವಿಂಚೆಸ್ಟರ್ ಕಡೆ ಹೋದರು. 1963ರಲ್ಲಿ ರೆಮಿಂಗ್ಟನ್ ಸುತ್ತನ್ನು 9 ಇಂಚಿಗೆ ಇಳಿಸಿ, ಹೆಸರನ್ನೂ 6 ಎಂಎಂ ರೆಮಿಂಗ್ಟನ್ ಎಂದು ಬದಲಾಯಿಸಿತು. ಅಷ್ಟರಲ್ಲಿ ಹೊತ್ತು ಮೀರಿತ್ತು.

ನಿಮ್ಮ ಬ್ಯಾರಲ್ ಸುತ್ತು ಗೊತ್ತಿಲ್ಲದಿದ್ದರೆ ಅಳೆಯಬಹುದು. ಕ್ಲೀನಿಂಗ್ ರಾಡ್‌ಗೆ ಬಿಗಿಯಾದ ಬಟ್ಟೆ ಸಿಕ್ಕಿಸಿ, ರಾಡ್ ಮೇಲೆ ಗುರುತು ಹಾಕಿ ಒಳಕ್ಕೆ ತಳ್ಳಿ. ಹಿಡಿ ತಿರುಗುವಂಥ ರಾಡ್ ಆಗಿರಬೇಕು. ಗುರುತು ಒಂದು ಪೂರ್ತಿ ಸುತ್ತು ಬರುವಷ್ಟರಲ್ಲಿ ಎಷ್ಟು ಇಂಚು ಒಳಗೆ ಹೋಯಿತು ಅನ್ನುವುದೇ ಉತ್ತರ.

ಸ್ಕೋಪ್ ಕೆಟ್ಟಿದೆಯಾ ಅಂತ ನೋಡುವುದು ಹೇಗೆ?

ಚೆನ್ನಾಗಿದೆ ಎಂದು ಖಾತ್ರಿ ಇರುವ ಇನ್ನೊಂದು ಸ್ಕೋಪ್ ಹಾಕಿ ಹೊಡೆಯಿರಿ. ಇದಕ್ಕಿಂತ ನೇರ ಪರೀಕ್ಷೆ ಇಲ್ಲ. ಅದು ಸಿಗದಿದ್ದರೆ ಚೌಕದ ಪರೀಕ್ಷೆ ಮಾಡಿ. ಒಂದು ಗುಂಪು ಹೊಡೆದು 20 ಕ್ಲಿಕ್ ಬಲಕ್ಕೆ, ಆಮೇಲೆ 20 ಮೇಲಕ್ಕೆ, 20 ಎಡಕ್ಕೆ, 20 ಕೆಳಕ್ಕೆ. ಪ್ರತಿ ಹೆಜ್ಜೆಗೂ ಹೊಡೆಯಿರಿ, ಗುರಿ ಮಾತ್ರ ಅದೇ ಚುಕ್ಕಿಗೆ. ಚೌಕ ಸರಿಯಾಗಿ ಮೂಡಿ, ಕೊನೆಯ ಗುಂಪು ಮೊದಲನೆಯದರ ಮೇಲೇ ಬಂದು ಕೂತರೆ ಸ್ಕೋಪ್ ಕ್ಲಿಕ್‌ಗೆ ತಕ್ಕಂತೆ ಸರಿಯುತ್ತಿದೆ.

ಪ್ಯಾರಲ್ಯಾಕ್ಸ್ ಬಗ್ಗೆಯೂ ಕೇಳುತ್ತಾರೆ. ರೈಫಲ್ ಅಲ್ಲಾಡದಂತೆ ಚೀಲದ ಮೇಲಿಟ್ಟು, ಕೈ ತಾಗಿಸದೆ ಸ್ಕೋಪ್ ಒಳಗೆ ನೋಡುತ್ತಾ ತಲೆಯನ್ನು ಸ್ವಲ್ಪ ಆಚೀಚೆ ಮಾಡಿ. ಅಡ್ಡಗೆರೆ ಗುರಿಯ ಮೇಲೆ ಜಾರಿದಂತೆ ಕಂಡರೆ ಅದೇ ಪ್ಯಾರಲ್ಯಾಕ್ಸ್. ಹೊಂದಿಸುವ ಗುಬುಟು ಇಲ್ಲದ ಬೇಟೆ ಸ್ಕೋಪ್‌ಗಳನ್ನು ಹೆಚ್ಚಾಗಿ 100 ಗಜಕ್ಕೆ ಸರಿಯಾಗಿ ಮಾಡಿರುತ್ತಾರೆ. ರಿಮ್‌ಫೈರ್ (.22ನಂಥ ಚಿಕ್ಕ ತೋಟಾದ ರೈಫಲ್) ಸ್ಕೋಪ್‌ಗಳನ್ನು ಅದಕ್ಕಿಂತ ಹತ್ತಿರಕ್ಕೆ. ರಿಮ್‌ಫೈರ್ ಸ್ಕೋಪನ್ನು ದೊಡ್ಡ ರೈಫಲ್‌ಗೆ ಹಾಕಿದ್ದರೆ ಇದೊಂದು ಕಾರಣ ಇರಬಹುದು. ಕೆನ್ನೆ ಪ್ರತಿಸಲ ಒಂದೇ ಜಾಗದಲ್ಲಿ ಕೂತರೆ ಇದರ ಕಾಟ ತುಂಬಾ ಕಡಿಮೆಯಾಗುತ್ತದೆ.

ಸ್ಟಾಕ್‌ನಿಂದಲೂ ಗುರಿ ತಪ್ಪುತ್ತದಾ?

ಹೌದು, ಅದರಲ್ಲೂ ಮರದ ಸ್ಟಾಕ್. ತೇವ ಹೀರಿ ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ, ಬ್ಯಾರಲ್ ಮೇಲಿನ ಒತ್ತಡ ಬದಲಾಗುತ್ತದೆ. ಬೇಸಿಗೆಯಲ್ಲಿ ಹೊಂದಿಸಿದ್ದು ಮಳೆಯಲ್ಲಿ ಬೇರೆ ಕಡೆ ಹೊಡೆದರೆ ಇಲ್ಲೇ ನೋಡಿ. ಅಗ್ಗದ ತೆಳು ಪ್ಲಾಸ್ಟಿಕ್ ಸ್ಟಾಕ್ ಉಬ್ಬುವುದಿಲ್ಲ, ಆದರೆ ಬಾಗುತ್ತದೆ. ಬೈಪಾಡ್ (ಎರಡು ಕಾಲಿನ ಆಸರೆ) ಹಾಕಿದಾಗ ಅಥವಾ ಸ್ಲಿಂಗ್ ಬಿಗಿಯಾಗಿ ಎಳೆದಾಗ ಅದರ ತುದಿ ಬ್ಯಾರಲ್‌ಗೆ ಹೋಗಿ ತಾಗುತ್ತದೆ.

ಮೊದಲ ಪರೀಕ್ಷೆಗೆ ಒಂದು ಕಾಗದದ ಪಟ್ಟಿ ಸಾಕು. ಬ್ಯಾರಲ್ ಮತ್ತು ಸ್ಟಾಕ್ ನಡುವೆ ತೂರಿಸಿ ತುದಿಯಿಂದ ಹಿಂದಕ್ಕೆ ಎಳೆಯುತ್ತಾ ಬನ್ನಿ. ಚೇಂಬರ್ ಹತ್ತಿರದವರೆಗೂ ಸಲೀಸಾಗಿ ಬಂದರೆ ಬ್ಯಾರಲ್ ತೇಲುತ್ತಿದೆ. ನಡುವೆ ಸಿಕ್ಕಿಕೊಂಡರೆ ಅಲ್ಲಿ ತಾಗುತ್ತಿದೆ, ಆ ಜಾಗವನ್ನು ಉಜ್ಜುಕಾಗದದಲ್ಲಿ ಸ್ವಲ್ಪ ಸವರಬಹುದು. ಆದರೆ ಕೆಲವು ರೈಫಲ್‌ಗಳಲ್ಲಿ ಸ್ಟಾಕಿನ ತುದಿಯಲ್ಲಿ ಬ್ಯಾರಲ್‌ಗೆ ಒತ್ತಿಕೊಳ್ಳಲೆಂದು ಬೇಕಂತಲೇ ಒತ್ತುಗಟ್ಟೆ ಬಿಟ್ಟಿರುತ್ತಾರೆ. ಅದನ್ನು ಸುಮ್ನೆ ಕೆರೆದು ಹಾಕಬೇಡಿ, ಒಮ್ಮೆ ತೆಗೆದರೆ ವಾಪಸ್ ಬರುವುದಿಲ್ಲ. ಮೊದಲು ಆಕ್ಷನ್ ಕೆಳಗೆ ತೆಳು ತಗಡಿನ ಚೂರು ಇಟ್ಟು ಬ್ಯಾರಲ್ ಎತ್ತಿ ಹೊಡೆದು ನೋಡಿ, ಆಮೇಲೆ ನಿರ್ಧರಿಸಿ.

ಎರಡನೆಯದು ಆಕ್ಷನ್ ಸ್ಟಾಕಿನಲ್ಲಿ ನೆಮ್ಮದಿಯಾಗಿ ಕೂತಿದೆಯಾ ಎಂಬುದು. ಖಾಲಿ ರೈಫಲನ್ನು ನೆಟ್ಟಗೆ ನಿಲ್ಲಿಸಿ. ಒಂದು ಕೈಯಲ್ಲಿ ಸ್ಟಾಕಿನ ತುದಿ ಮತ್ತು ಬ್ಯಾರಲ್ ಸೇರುವ ಜಾಗ ಹಿಡಿದು, ಬೆರಳ ತುದಿಯನ್ನು ಆ ಸಂದಿಯ ಮೇಲಿಡಿ. ಇನ್ನೊಂದು ಕೈಯಲ್ಲಿ ಮುಂದಿನ ಆಕ್ಷನ್ ಸ್ಕ್ರೂ ಸಡಿಲಿಸಿ, ಮತ್ತೆ ಬಿಗಿಯಿರಿ. ಬೆರಳಿಗೆ ಏನೂ ಗೊತ್ತಾಗದಿದ್ದರೆ ಒಳ್ಳೆಯದು. ಬ್ಯಾರಲ್ ಸರಿದಂತೆ ಅನ್ನಿಸಿದರೆ ಸ್ಕ್ರೂಗಳು ಆಕ್ಷನ್ನನ್ನು ಬಗ್ಗಿಸಿ ಹಿಡಿದಿವೆ. ಇದಕ್ಕೆ ಎಪಾಕ್ಸಿ ಬೆಡ್ಡಿಂಗ್ (ಆಕ್ಷನ್ ಸರಿಯಾಗಿ ಕೂರುವಂತೆ ಸ್ಟಾಕ್ ಒಳಗೆ ಗಟ್ಟಿಯಾಗುವ ಅಂಟಿನ ಹಾಸು ಹಾಕುವುದು) ಪರಿಹಾರ. ಕೈ ಪಳಗಿದವರು ಮಾಡಲಿ, ಎಪಾಕ್ಸಿ ತಪ್ಪು ಜಾಗಕ್ಕೆ ಹರಿದರೆ ರೈಫಲ್ ಸ್ಟಾಕಿಗೇ ಅಂಟಿಕೊಳ್ಳುತ್ತದೆ.

ಬ್ಯಾರಲ್ ಒಳಗೆ ಎಷ್ಟು ತೊಳೆಯಬೇಕು?

ಇಲ್ಲಿ ಎರಡು ಪಂಗಡ. ಕೆಲವರು ತೊಳೆಯುವುದೇ ಇಲ್ಲ, ಕೆಲವರು ತೊಳೆದೂ ತೊಳೆದೂ ಹಾಳು ಮಾಡುತ್ತಾರೆ. ನನ್ನ ಪ್ರಕಾರ ಗುಂಪು ದೊಡ್ಡದಾಗತೊಡಗಿದಾಗ ತಾಮ್ರ ತೆಗೆದರೆ ಸಾಕು. ಒದ್ದೆಯಾದಾಗ ಮಾತ್ರ ಅದೇ ದಿನ ಒರೆಸಿ ಎಣ್ಣೆ ಹಚ್ಚಿ.

ಕಪ್ಪು ಮಸಿ ಮಾಮೂಲಿ ಸಾಲ್ವೆಂಟ್‌ಗೆ ಹೋಗುತ್ತದೆ. ಗುಂಡಿನ ಕವಚದಿಂದ ಹತ್ತಿದ ತಾಮ್ರಕ್ಕೆ ತಾಮ್ರ ಕರಗಿಸುವ ಸಾಲ್ವೆಂಟ್ ಬೇಕು. ಅಮೋನಿಯಾ ಇರುವುದನ್ನು ಹಚ್ಚಿ, ಬಾಟಲಿ ಮೇಲೆ ಹೇಳಿದಷ್ಟೇ ಹೊತ್ತು ಬಿಟ್ಟು, ಬಿಳಿ ಬಟ್ಟೆ ತೂರಿಸಿ. ನೀಲಿ ಹಸಿರು ಬಣ್ಣ ಬಂದರೆ ತಾಮ್ರ ಇನ್ನೂ ಇದೆ. ಬಟ್ಟೆ ಬೆಳ್ಳಗೆ ಬರುವವರೆಗೆ ಮಾಡಿ. ಹಿತ್ತಾಳೆ ಜ್ಯಾಗ್ (ರಾಡ್ ತುದಿಗೆ ಬಟ್ಟೆ ಸಿಕ್ಕಿಸುವ ತುಂಡು) ಬಳಸಿದರೆ ಅದೂ ನೀಲಿ ಬಣ್ಣ ಬಿಡುತ್ತದೆ, ಇಲ್ಲದ ತಾಮ್ರವನ್ನು ಹುಡುಕುತ್ತಾ ಕೂರಬೇಕಾಗುತ್ತದೆ. ಸಾಧ್ಯವಾದಷ್ಟೂ ಚೇಂಬರ್ ಕಡೆಯಿಂದಲೇ ರಾಡ್ ಹಾಕಿ. ಬ್ಯಾರಲ್ ಬಾಯಿಂದ ಹಾಕಿದರೆ ರಾಡ್ ಉಜ್ಜಿ ಅಂಚು ಸವೆಯುತ್ತದೆ.

ಮೊದಲ ಗುಂಡು ಮಾತ್ರ ಯಾವಾಗಲೂ ಬೇರೆ ಕಡೆ ಬೀಳುತ್ತದೆ. ಸರಿಯೇ?

ತೊಳೆದು ಎಣ್ಣೆ ಹಚ್ಚಿದ ಬ್ಯಾರಲ್‌ನಲ್ಲಿ ಇದು ಸಹಜ. ಹೊಡೆಯುವ ಮೊದಲು ಒಣ ಬಟ್ಟೆಯಿಂದ ಎಣ್ಣೆ ಒರೆಸಲೇಬೇಕು. ಆಮೇಲೆ ಎರಡು ಮೂರು ಗುಂಡು ಹೊಡೆದು, ಹಾಗೇ ಬಿಟ್ಟ ಬ್ಯಾರಲ್‌ನಲ್ಲೇ ಬೇಟೆಗೆ ಹೊರಡುವವರು ಬಹಳ. ಬೇಟೆಯಲ್ಲಿ ಲೆಕ್ಕಕ್ಕೆ ಬರುವುದು ತಣ್ಣನೆಯ ಬ್ಯಾರಲ್‌ನ ಮೊದಲ ಗುಂಡೇ, ಅಲ್ವಾ? ಹಾಗಾಗಿ ಒಂದೇ ಟಾರ್ಗೆಟ್ ಇಟ್ಟುಕೊಂಡು, ರೇಂಜ್‌ಗೆ ಹೋದಾಗಲೆಲ್ಲ ಮೊದಲ ಗುಂಡನ್ನು ಅದಕ್ಕೇ ಹೊಡೆಯಿರಿ. ಬೇಟೆಗಾರರಿಗೆ ಅದಕ್ಕಿಂತ ಪ್ರಾಮಾಣಿಕವಾದ ಗುಂಪು ಇನ್ನೊಂದಿಲ್ಲ.

ನಾಲ್ಕೈದು ಗುಂಡಾದ ಮೇಲೆ ಹರಡುತ್ತದೆ.

ಬೇಟೆ ರೈಫಲ್‌ನ ಬ್ಯಾರಲ್ ತೆಳುವಾಗಿರುತ್ತದೆ, ಬೇಗ ಬಿಸಿಯಾಗುತ್ತದೆ. ಕೈ ಇಟ್ಟು ಹಿಡಿದುಕೊಳ್ಳಲು ಆಗದಷ್ಟು ಬಿಸಿ ಇದ್ದರೆ ನಿಲ್ಲಿಸಿ, ಬೋಲ್ಟ್ ತೆರೆದು ಆರಲು ಬಿಡಿ. ತಣ್ಣಗಿದ್ದಾಗ ಸರಿಯಾಗಿದ್ದರೆ ಇದನ್ನು ರಿಪೇರಿ ಮಾಡಿಸುವ ಅಗತ್ಯವೇ ಇಲ್ಲ.

ಕೊನೆಗೂ ಬ್ಯಾರಲ್ ಮೇಲೆ ಅನುಮಾನ. ಏನು ನೋಡಲಿ?

ಮೊದಲು ಬಾಯಿಯ ಅಂಚು. ಗುಂಡು ಬ್ಯಾರಲ್ ಬಿಡುವಾಗ ಹಿಂದಿನ ಅನಿಲ ಎಲ್ಲ ಕಡೆ ಸಮನಾಗಿ ಹೊರಬರಬೇಕು. ಅಂಚಿನಲ್ಲಿ ಒಂದು ಕಡೆ ಸಣ್ಣ ಮುಕ್ಕಾಗಿದ್ದರೂ ಗುಂಡು ವಾಲುತ್ತದೆ. ಬೋಲ್ಟ್ ತೆಗೆದಿಟ್ಟು, ಭೂತಗನ್ನಡಿ ಹಿಡಿದು ನೋಡಿ. ಅಂಚಿನ ಸುತ್ತ ಮೆತ್ತಿರುವ ಮಸಿ ನಕ್ಷತ್ರದಂತೆ ಎಲ್ಲ ಕಡೆ ಒಂದೇ ಸಮ ಇದ್ದರೆ ಒಳ್ಳೆಯ ಲಕ್ಷಣ. ಒಂದು ಕಡೆ ಉದ್ದ ಚಾಚಿದ್ದರೆ ಗನ್‌ಸ್ಮಿತ್ (ಬಂದೂಕು ರಿಪೇರಿ ಮಾಡುವವರು) ಹತ್ತಿರ ಅಂಚು ಮತ್ತೆ ಕಡೆಸಬಹುದು. ಹೊಸ ಬ್ಯಾರಲ್‌ಗೆ ಹೋಲಿಸಿದರೆ ಅದು ತುಂಬಾ ಸಣ್ಣ ಕೆಲಸ.

ಇನ್ನೊಂದು ಚೇಂಬರ್ ಮುಂದಿನ ಗಂಟಲು. ಬಿಸಿ ಅನಿಲ ಅದನ್ನು ತಿನ್ನುತ್ತಾ ಹೋಗುತ್ತದೆ. ಹೆಚ್ಚು ಮದ್ದು ಸುಡುವ ಮ್ಯಾಗ್ನಂ ಕ್ಯಾಲಿಬರ್‌ಗಳಲ್ಲಿ ಒಂದೆರಡು ಸಾವಿರ ಗುಂಡಿಗೇ ಸವೆತ ಕಾಣಬಹುದು. .308ನಂಥವು ಅದಕ್ಕಿಂತ ಎಷ್ಟೋ ಜಾಸ್ತಿ ಬಾಳುತ್ತವೆ. ವರ್ಷಕ್ಕೆ ಒಂದೆರಡು ಪೆಟ್ಟಿಗೆ ಹೊಡೆಯುವವರು ಬ್ಯಾರಲ್ ಸವೆಸುವುದು ಕಷ್ಟ.

ಟ್ರಿಗರ್ ಗಟ್ಟಿ ಇದೆ, ನಾನೇ ಸಡಿಲಿಸಲಾ?

ಹೊಂದಿಸಿಕೊಳ್ಳಲೆಂದೇ ಸ್ಕ್ರೂ ಕೊಟ್ಟಿದ್ದರೆ, ಪುಸ್ತಕ ಹೇಳಿದ ಮಿತಿಯೊಳಗೆ ಮಾತ್ರ. ಒಳಗಿನ ಭಾಗ ಉಜ್ಜುವ ಕೆಲಸಕ್ಕೆ ಕೈ ಹಾಕಬೇಡಿ. ನೆಲಕ್ಕೆ ತಾಗಿದ ಮಾತ್ರಕ್ಕೆ ಹಾರುವ ರೈಫಲ್ ಯಾರಿಗೂ ಬೇಡ.

ಹೊಡೆಯುವುದನ್ನು ತಕ್ಷಣ ನಿಲ್ಲಿಸಬೇಕಾದದ್ದು ಯಾವಾಗ?

ಸದ್ದು ಕುಂಠಿತವಾಗಿ 'ಟುಸ್' ಅಂದರೆ. ಗುಂಡು ಬ್ಯಾರಲ್ ಒಳಗೇ ಸಿಕ್ಕಿರಬಹುದು, ಅದರ ಹಿಂದೆ ಇನ್ನೊಂದು ಹೊಡೆದರೆ ಬ್ಯಾರಲ್ ಸಿಡಿಯುತ್ತದೆ. ಟ್ರಿಗರ್ ಎಳೆದರೂ ಹಾರದಿದ್ದರೆ ಬಾಯಿ ಸುರಕ್ಷಿತ ದಿಕ್ಕಿಗಿಟ್ಟು ಕನಿಷ್ಠ 30 ಸೆಕೆಂಡ್ ಕಾಯಿರಿ, ಆಮೇಲೆ ಬೋಲ್ಟ್ ತೆರೆಯಿರಿ. ಬೋಲ್ಟ್ ಎತ್ತಲು ಒಮ್ಮೆಲೇ ಕಷ್ಟವಾದರೆ, ಪ್ರೈಮರ್ (ತೋಟಾದ ಬುಡದಲ್ಲಿ ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು) ತೂತು ಬಿದ್ದಿದ್ದರೆ, ಖಾಲಿ ತೋಟಾದ ಬುಡದ ಹತ್ತಿರ ಹೊಳೆಯುವ ಗೆರೆಯೋ ಬಿರುಕೋ ಕಂಡರೆ ಕೂಡ ಅವತ್ತಿನ ಗುರಿ ಅಭ್ಯಾಸ ಮುಗಿಯಿತು. ಅದು ನಿಖರತೆಯ ಪ್ರಶ್ನೆ ಅಲ್ಲ, ಒತ್ತಡದ್ದೋ ಹೆಡ್‌ಸ್ಪೇಸ್‌ನದೋ (ಚೇಂಬರ್‌ನಲ್ಲಿ ತೋಟಾಕ್ಕೆ ಸಿಗುವ ಜಾಗದ್ದು) ಇರಬಹುದು.

ಗನ್‌ಸ್ಮಿತ್ ಹತ್ತಿರ ಹೋಗುವಾಗ ಏನು ಒಯ್ಯಲಿ?

ಹೊಡೆದ ಟಾರ್ಗೆಟ್‌ಗಳನ್ನು ಒಯ್ಯಿರಿ, ಚೆನ್ನಾಗಿ ಬಂದವನ್ನಷ್ಟೇ ಅಲ್ಲ, ಎಲ್ಲವನ್ನೂ. ಪ್ರತಿಯೊಂದರ ಮೇಲೂ ದಿನಾಂಕ, ದೂರ, ತೋಟಾದ ಹೆಸರು, ಲಾಟ್, ಯಾವ ಗುಂಡು ಎಷ್ಟನೆಯದು ಎಂದು ಬರೆದಿರಲಿ. ಖಾಲಿ ತೋಟಾಗಳನ್ನೂ ಕೊಡಿ, ಅವುಗಳನ್ನು ನೋಡಿಯೇ ಅವರಿಗೆ ಅರ್ಧ ವಿಷಯ ತಿಳಿಯುತ್ತದೆ. ಏನೇನು ಬದಲಾಯಿಸಿದ್ದೀರಿ ಎಂದು ಮುಚ್ಚಿಡದೆ ಹೇಳಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ಹೊಡೆದಿದ್ದರೆ ಈ ಪಟ್ಟಿ ಅವರಿಗೆ ಉಪಯೋಗಕ್ಕೆ ಬರುತ್ತದೆ. ಸ್ಕೋಪ್, ತೋಟಾ, ಬೈಪಾಡ್ ಮೂರನ್ನೂ ಒಂದೇ ದಿನ ಬದಲಾಯಿಸಿದ್ದರೆ ಅವರೂ ಸ್ಕ್ರೂ ಬಿಗಿಯುವುದರಿಂದಲೇ ಶುರು ಮಾಡಬೇಕಾಗುತ್ತದೆ, ಆ ಕೂಲಿ ನಿಮ್ಮ ಬಿಲ್‌ಗೆ ಸೇರುತ್ತದೆ.